ಬ್ರಿಟನ್ನಿನ ಮುದಿಮರಗಳ ಬೆನ್ನು ಹತ್ತಿ

ಹಳೆಯ ಮರ ನೋಡಬೇಕೆಂದರೆ ದಟ್ಟ ಕಾಡಿಗೆ ಹೋಗಬೇಕು ಎಂದು ನಂಬಿದವರಿಗೆ ಬ್ರಿಟನ್ ಒಂದು ಒಗಟು. ಅಲ್ಲಿ ಕಾಡು ಕಡಿಮೆ. ಒಟ್ಟು ನೆಲದ ಶೇಕಡಾ 13ರಷ್ಟು ಭಾಗದಲ್ಲಿ ಮಾತ್ರ ಮರಗಳ ಹೊದಿಕೆ. ಅದರಲ್ಲೂ ಬಹಳಷ್ಟು ಕಳೆದ ಶತಮಾನದಲ್ಲಿ ಸಾಲು ಹಿಡಿದು ನೆಟ್ಟ ನೆಡುತೋಪು. ಹೀಗಿದ್ದೂ ಇಂಗ್ಲೆಂಡಿನಲ್ಲಿರುವಷ್ಟು ಪ್ರಾಚೀನ ಓಕ್ ಮರಗಳು ಯುರೋಪಿನ ಉಳಿದ ದೇಶಗಳನ್ನೆಲ್ಲ ಸೇರಿಸಿದರೂ ಸಿಗಲಾರವು ಎಂದು ಕ್ಯೂ ಸಸ್ಯೋದ್ಯಾನದ ವಿಜ್ಞಾನಿ ಆಲ್ಜೋಸ್ ಫಾರ್ಯೋನ್ ವಾದಿಸಿದ್ದಾರೆ. ಅವರು ಕೊಡುವ ಕಾರಣ ಪ್ರಕೃತಿಪ್ರೇಮವಲ್ಲ. ಹನ್ನೊಂದನೆಯ ಶತಮಾನದಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆಗಳ ಕಾಲದಿಂದ ಅಲ್ಲಿನ ಸಿರಿವಂತರಿಗೆ ಜಿಂಕೆ ಬೇಟೆಯ ಹುಚ್ಚು. ಬೇಟೆಗೆಂದು ಬೇಲಿ ಹಾಕಿಸಿದ ಜಿಂಕೆವನ ಒಂದೇ ಮನೆತನದಲ್ಲಿ ತಲೆಮಾರುಗಟ್ಟಲೆ ಉಳಿಯಿತು, ಒಳಗಿದ್ದ ಮರಗಳೂ ಅದರ ಜೊತೆಗೇ ಉಳಿದವು. ಸೂಜಿಯಂಥ ಎಲೆಗಳ, ಸದಾ ಹಸುರಾಗಿರುವ ಯೂ ಮರಗಳದ್ದು ಬೇರೆಯೇ ಕಥೆ. ಅವು ಬದುಕಿಕೊಂಡದ್ದು ಗೋರಿಗಳ ನಡುವೆ.

ಹೀಗಾಗಿ ಅಲ್ಲಿ ಮುದಿಮರ ಹುಡುಕುವವರು ಕಾಡಿನ ದಾರಿ ಬಿಟ್ಟು ಚರ್ಚಿನ ಹಿತ್ತಿಲು, ಹಳೆಯ ಬೇಟೆಯ ವನ, ದನ ಮೇಯುವ ಹುಲ್ಲುಗಾವಲು ಇವುಗಳ ದಾರಿ ಹಿಡಿಯಬೇಕು. ಕೆಲಸದ ಮೇಲೆ ಲಂಡನ್ನಿಗೆ ಹೋದವಳು ಕೆಲವು ತಿಂಗಳು ಅಕ್ಕನ ಮನೆಯಲ್ಲಿ ಉಳಿದಿದ್ದೆ. ವಾರಾಂತ್ಯಗಳೆಲ್ಲ ಈ ಹುಡುಕಾಟಕ್ಕೇ ಮೀಸಲಾದವು. ಅಕ್ಕನಿಗೆ ಕೆಸರು ತುಳಿಯುವುದು ಇಷ್ಟವಿಲ್ಲ. ಜೊತೆಗೆ ಬಂದವರು ಭಾವ. ಸೇತುವೆಗಳ ಲೆಕ್ಕ ಹಾಕಿ ನಿವೃತ್ತರಾದ ಎಂಜಿನಿಯರ್. ಮರಗಳ ಬಗ್ಗೆ ವಿಶೇಷ ಒಲವೇನೂ ಇಲ್ಲ, ಆದರೆ ಅಳತೆ ಎಂದರೆ ಪ್ರಾಣ.

ಬರಿಗೈಯಲ್ಲಿ ಹೊರಟರೆ ಏನೂ ಸಿಗುವುದಿಲ್ಲ. ನಮಗೆ ದಾರಿ ತೋರಿಸಿದ್ದು ವುಡ್‌ಲ್ಯಾಂಡ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆಯ ಪ್ರಾಚೀನ ಮರಗಳ ದಾಖಲೆಪಟ್ಟಿ. ದೇಶದ ಲಕ್ಷಕ್ಕೂ ಹೆಚ್ಚು ಮರಗಳನ್ನು ಒಂದು ನಕ್ಷೆಯ ಮೇಲೆ ಗುರುತಿಸಿಟ್ಟಿದ್ದಾರೆ, ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಜಾತಿ, ಸುತ್ತಳತೆ, ಸಾರ್ವಜನಿಕರಿಗೆ ಪ್ರವೇಶ ಇದೆಯೋ ಇಲ್ಲವೋ, ಎಲ್ಲವೂ ಅದರಲ್ಲಿರುತ್ತದೆ. ಮರಗಳನ್ನು ಅವರು ಪ್ರಾಚೀನ, ವೆಟರನ್, ಗಮನಾರ್ಹ ಎಂದು ಮೂರು ದರ್ಜೆಗಳಲ್ಲಿ ಇಟ್ಟಿದ್ದಾರೆ. ವೆಟರನ್ ಎಂದರೆ ವಯಸ್ಸಿನಲ್ಲಿ ಅಷ್ಟು ದೊಡ್ಡದಲ್ಲದಿದ್ದರೂ ಪೊಟರೆ, ಮುರಿದ ಕೊಂಬೆ, ಅಣಬೆ ಮುಂತಾದ ಮುಪ್ಪಿನ ಲಕ್ಷಣಗಳನ್ನು ಮೈಮೇಲೆ ಹೊತ್ತ ಮರ. ಹೆಸರುವಾಸಿ ಮರಗಳ ಪಟ್ಟಿಗಳು ಎಲ್ಲೆಲ್ಲೂ ಸಿಗುತ್ತವೆ, ಆದರೆ ಅವನ್ನು ಹಿಡಿದು ಹೊರಟರೆ ಜನಜಂಗುಳಿಯೇ ಗತಿ. ನಾನು ಹೆಸರು ನೋಡದೆ ಸುತ್ತಳತೆ ನೋಡಿ ಆರಿಸುತ್ತಿದ್ದೆ. ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ದಪ್ಪ ಕಾಂಡದ ಯೂ ಅಥವಾ ಓಕ್ ಇದೆಯೇ ಎಂಬುದಷ್ಟೇ ಪ್ರಶ್ನೆ.

ಅಳತೆಯ ಅಭ್ಯಾಸ ಮಾಡಿಕೊಂಡದ್ದು ಲಂಡನ್ನಿನ ಅಂಚಿನ ರಿಚ್ಮಂಡ್ ಪಾರ್ಕಿನಲ್ಲಿ. 1637ರಲ್ಲಿ ಒಂದನೆಯ ಚಾರ್ಲ್ಸ್ ದೊರೆ ಜಿಂಕೆಗಳಿಗಾಗಿ ಗೋಡೆ ಕಟ್ಟಿಸಿದ ಜಾಗ ಅದು. ಈಗಲೂ ಜಿಂಕೆಗಳಿವೆ, ಅವು ಕತ್ತು ಚಾಚಿ ಎಟುಕಿದಷ್ಟನ್ನೂ ಮೇಯುವುದರಿಂದ ಮರಗಳ ಕೆಳಗಿನ ಎಲೆಯಂಚು ಯಾರೋ ದಾರ ಹಿಡಿದು ಕತ್ತರಿಸಿದಂತೆ ಕಾಣುತ್ತದೆ. ಸಾವಿರಕ್ಕೂ ಹೆಚ್ಚು ವೆಟರನ್ ಮರಗಳು ಅಲ್ಲಿವೆ, ಕೆಲವು ಓಕ್‌ಗಳು ಆ ಗೋಡೆಗಿಂತಲೂ ಎಷ್ಟೋ ಹಳೆಯವು. ಇಂಥ ಮರಗಳ ಸುತ್ತಳತೆಯನ್ನು ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ತೆಗೆಯುತ್ತಾರೆ, ಇಳಿಜಾರಾದರೆ ಮೇಲುಬದಿಯಿಂದ. ಆ ಎತ್ತರದಲ್ಲಿ ಗಂಟು ಇದ್ದರೆ ಅದಕ್ಕಿಂತ ಕೆಳಗೆ, ಕಾಂಡ ಎಲ್ಲಿ ಸಪೂರವೋ ಅಲ್ಲಿ ಅಳೆದು, ಎಷ್ಟು ಎತ್ತರದಲ್ಲಿ ಅಳೆದೆವು ಎಂದು ಬರೆದುಕೊಳ್ಳಬೇಕು. ಟೇಪು ಇಲ್ಲದಿದ್ದರೆ ತೋಳು ಚಾಚಿ ಮಾರುಗಳ ಲೆಕ್ಕ ಹಾಕಬಹುದು. ಓಕ್ ಮರ ಒಬ್ಬರ ಮೂರು ಅಪ್ಪುಗೆಗೂ ಮೀರಿದರೆ ಅದನ್ನು ಗಂಭೀರವಾಗಿ ಪರಿಗಣಿಸಬೇಕು ಎನ್ನುವುದು ಅಲ್ಲಿನ ಮರಪ್ರಿಯರ ಸ್ಥೂಲ ಸೂತ್ರ. ಭಾವ ತೋಳುಗಳ ಲೆಕ್ಕಕ್ಕೆ ಒಪ್ಪಲಿಲ್ಲ. "ನಿನ್ನ ಮಾರು ಬೇರೆ, ನನ್ನ ಮಾರು ಬೇರೆ. ಇದನ್ನು ಅಳತೆ ಅನ್ನುತ್ತಾರೇನಮ್ಮ?" ಎಂದು ಮರುವಾರವೇ ಉದ್ದನೆಯ ಟೇಪು ಕೊಂಡು ತಂದರು.

ಮೊದಲು ಹುಡುಕಿಕೊಂಡು ಹೋದ ದೊಡ್ಡ ಮರ ಆಂಕರ್‌ವಿಕ್ ಯೂ. ಲಂಡನ್ನಿನ ವಾಟರ್ಲೂ ನಿಲ್ದಾಣದಿಂದ ವಿಂಡ್ಸರ್ ಕಡೆಗೆ ಹೋಗುವ ರೈಲು ಹಿಡಿದು ರೇಸ್‌ಬರಿಯಲ್ಲಿ ಇಳಿದರೆ ಅಲ್ಲಿಂದ ಕಾಲ್ನಡಿಗೆ. ದೊರೆಯ ಅಧಿಕಾರಕ್ಕೆ ಮಿತಿ ಹಾಕಿದ ಮ್ಯಾಗ್ನಾ ಕಾರ್ಟಾ ಸನ್ನದಿಗೆ 1215ರಲ್ಲಿ ಮುದ್ರೆ ಬಿದ್ದ ರನ್ನಿಮೀಡ್ ಹುಲ್ಲುಗಾವಲು ಥೇಮ್ಸ್ ನದಿಯ ಒಂದು ದಡದಲ್ಲಿದೆ. ಪ್ರವಾಸಿಗರು, ಸ್ಮಾರಕಗಳು, ಚಹಾದ ಅಂಗಡಿ ಎಲ್ಲವೂ ಆ ದಡದಲ್ಲೇ. ಮರ ಇರುವುದು ಎದುರು ದಡದಲ್ಲಿ. ನಾವು ಹೋದಾಗ ಅಲ್ಲಿ ನದಿ ದಾಟಲು ದಾರಿಯೇ ಇರಲಿಲ್ಲ. ಹಾಗಾಗಿ ಈ ಕಡೆಗೆ ಬರುವವರು ಮರಕ್ಕೆಂದೇ ಬರುವವರು, ಇಲ್ಲವೇ ನಾಯಿ ಅಡ್ಡಾಡಿಸಲು ಬಂದ ಊರಿನವರು.

12ನೇ ಶತಮಾನದ ಒಂದು ಸನ್ಯಾಸಿನಿಯರ ಮಠದ ಗೋಡೆಯ ಚೂರು ಪೊದೆಗಳ ನಡುವೆ ನಿಂತಿದೆ. ಅದನ್ನು ದಾಟಿ ಸ್ವಲ್ಪ ನಡೆದರೆ ಮರ ಎದುರಾಗುತ್ತದೆ. ತೀರ ಹತ್ತಿರ ಬರುವವರೆಗೂ ಅದು ಕಾಣುವುದೇ ಇಲ್ಲ, ಏಕೆಂದರೆ ಯೂ ಎತ್ತರಕ್ಕೆ ಬೆಳೆದು ಹೆಸರು ಮಾಡಿದ ಮರವಲ್ಲ. ಸುತ್ತಳತೆ ಎಂಟು ಮೀಟರಿನಷ್ಟು. ಕಾಂಡ ಒಂದೇ ಕಂಬವಲ್ಲ. ಹತ್ತಾರು ಹುರಿಗಳನ್ನು ಹೊಸೆದು, ಸಡಿಲ ಬಿಟ್ಟು, ಮತ್ತೆ ಹೊಸೆದಂತಿದೆ. ಕೆಂಪು, ನೇರಳೆ, ಬೂದು ಬಣ್ಣಗಳು ಬೆರೆತ ತೊಗಟೆ. ಮಳೆ ನಿಂತ ಮೇಲೆ ಹೋಗಿದ್ದೆವು, ತೊಗಟೆಯ ಕೆಂಪು ಎದ್ದು ಕಾಣುತ್ತಿತ್ತು. ಮೇಲೆ ಹೀಥ್ರೂ ವಿಮಾನಗಳ ಸದ್ದು ನಿಲ್ಲುವುದೇ ಇಲ್ಲ. ಭಾವ ಸುತ್ತಲೂ ಒಂದು ಪ್ರದಕ್ಷಿಣೆ ಬಂದು, "ಇದಕ್ಕೆ ಎಷ್ಟು ವಯಸ್ಸಂತೆ?" ಎಂದರು.

ಕೇಳಬಾರದ ಪ್ರಶ್ನೆ ಅದು. ಎಲ್ಲರೂ ಕೇಳುವ ಪ್ರಶ್ನೆಯೂ ಹೌದು. ಕನಿಷ್ಠ 1,400 ವರ್ಷ ಎನ್ನುತ್ತಾರೆ, 2,500 ಎನ್ನುವವರೂ ಇದ್ದಾರೆ. ನಡುವಿನ ಅಂತರ ಸಾವಿರ ವರ್ಷಕ್ಕೂ ಹೆಚ್ಚು! ಸೇತುವೆ ಕಟ್ಟಿದವರಿಗೆ ಇಂಥ ಅಂದಾಜು ಸಹಿಸಲು ಸಾಧ್ಯವೇ? ಭಾವ ನಕ್ಕುಬಿಟ್ಟರು. ಆದರೆ ತಪ್ಪು ತಜ್ಞರದ್ದಲ್ಲ. ಮರದ ವಯಸ್ಸನ್ನು ಕಾಂಡದೊಳಗಿನ ವಾರ್ಷಿಕ ಉಂಗುರಗಳಿಂದ ಎಣಿಸಬೇಕು. ಮುದಿ ಯೂ ಮರದ ಒಳಗು ಪೂರ್ತಿ ಟೊಳ್ಳು. ಮೊದಲ ನೂರಾರು ವರ್ಷಗಳ ಉಂಗುರಗಳು ಕೊಳೆತು ಮಣ್ಣಾಗಿರುತ್ತವೆ. ಉಳಿದ ಭಾಗವೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಕೆಲವು ಯೂಗಳು ಬಹುಕಾಲ ಹೆಚ್ಚುಕಡಿಮೆ ಬೆಳವಣಿಗೆ ನಿಲ್ಲಿಸಿ, ಆಮೇಲೆ ಬುಡದಿಂದಲೋ ಮುರಿದ ಕೊಂಬೆಯಿಂದಲೋ ಹೊಸದಾಗಿ ಚಿಗುರುತ್ತವೆ. ಇಷ್ಟು ಸುತ್ತಳತೆಗೆ ಇಷ್ಟು ವರ್ಷ ಎಂಬ ಸೂತ್ರ ಈ ಮರದ ಬಳಿ ನಡೆಯುವುದಿಲ್ಲ. ಬರವಣಿಗೆಯಲ್ಲಿ ಹುಟ್ಟಿದ ವರ್ಷ ದಾಖಲಾದ ಮುದಿಮರ ಬೇಕೆಂದರೆ ಶ್ರೀಲಂಕೆಯ ಅನುರಾಧಪುರಕ್ಕೆ ಹೋಗಬೇಕು. ಅಲ್ಲಿನ ಜಯಶ್ರೀ ಮಹಾಬೋಧಿಯನ್ನು ಕ್ರಿ.ಪೂ. 288ರಲ್ಲಿ ನೆಟ್ಟರೆಂದು ಬೌದ್ಧ ವೃತ್ತಾಂತಗಳು ಹೇಳುತ್ತವೆ. ಬ್ರಿಟನ್ನಿನ ಯೂಗಳಿಗೆ ಅಂಥ ಜಾತಕವಿಲ್ಲ.

ಜಾತಕವಿಲ್ಲದಿದ್ದರೇನು, ಕಥೆಗಳಿಗೆ ಬರವಿಲ್ಲ. ಸನ್ನದಿಗೆ ಮುದ್ರೆ ಬಿದ್ದದ್ದು ಇದೇ ಮರದ ಕೆಳಗೆ ಎಂದು ಕೆಲವರ ವಾದ, ಎಂಟನೆಯ ಹೆನ್ರಿ ದೊರೆ ತಾನು ಮುಂದೆ ಮದುವೆಯಾದ ಆ್ಯನ್ ಬೊಲಿನ್‌ಳನ್ನು ಭೇಟಿಯಾಗುತ್ತಿದ್ದುದು ಇಲ್ಲೇ ಎಂದು ಇನ್ನು ಕೆಲವರದ್ದು. ಸನ್ನದಿನಲ್ಲಿ ಬರೆದಿರುವುದು ವಿಂಡ್ಸರ್ ಮತ್ತು ಸ್ಟೇನ್ಸ್ ನಡುವಿನ ರನ್ನಿಮೀಡ್ ಎಂಬ ಹುಲ್ಲುಗಾವಲು ಎಂದಷ್ಟೇ. ಮರದ ಸುದ್ದಿ ಇಲ್ಲ.

ಚರ್ಚಿನ ಅಂಗಳಗಳಲ್ಲೇ ಯೂ ಏಕೆ ಎಂಬುದಕ್ಕೂ ಊರಿಗೊಂದು ಉತ್ತರ ಕೇಳಿದೆ. ಬೀಜವನ್ನು ಸುತ್ತಿರುವ ಕೆಂಪು ತಿರುಳೊಂದನ್ನು ಬಿಟ್ಟರೆ ಯೂ ಮರದ ಎಲೆ, ತೊಗಟೆ, ಬೀಜ ಎಲ್ಲವೂ ವಿಷ. ದನಗಳು ಅತ್ತ ಸುಳಿಯದಿರಲಿ ಎಂದು ನೆಟ್ಟರು ಎನ್ನುವವರಿದ್ದಾರೆ. ಯುದ್ಧಕ್ಕೆ ಬಿಲ್ಲು ಮಾಡಲು ಬೆಳೆಸಿದರು ಎನ್ನುವವರಂತೂ ಬಹಳ. ಆದರೆ ಗಂಟುಗಂಟಾದ ಇಂಗ್ಲಿಷ್ ಯೂಗಿಂತ ಹೊರದೇಶದ ಯೂ ಬಿಲ್ಲಿಗೆ ಒಳ್ಳೆಯದೆಂದು ಆಮದು ಮಾಡಿಕೊಳ್ಳುತ್ತಿದ್ದರು. ಬರುವ ಸರಕಿನ ಜೊತೆ ಇಂತಿಷ್ಟು ಬಿಲ್ಲುಗೋಲು ತರಲೇಬೇಕೆಂದು 1472ರಲ್ಲಿ ಕಾನೂನನ್ನೇ ಮಾಡಿದ್ದರು. ನನಗೆ ಹೆಚ್ಚು ಒಪ್ಪಿಗೆಯಾದದ್ದು ಸರಳವಾದ ಇನ್ನೊಂದು ಉತ್ತರ. ಮರ ಚರ್ಚಿಗಿಂತ ಹಳೆಯದಾದರೆ, ಚರ್ಚೇ ಮರವನ್ನು ಹುಡುಕಿಕೊಂಡು ಬಂದಿರಬೇಕು.

ಸರ್ರೆ ಪ್ರಾಂತ್ಯದ ಕ್ರೋಹರ್ಸ್ಟ್ ಯೂಗೆ ಬಾಗಿಲಿದೆ. ಹೌದು, ಮರದ ಕಾಂಡಕ್ಕೆ ಹಲಗೆಯ ಬಾಗಿಲು, ತಿರುಗಣೆ ಸಮೇತ. 1820ರ ಸುಮಾರಿಗೆ ಊರಿನವರು ಟೊಳ್ಳನ್ನು ಇನ್ನಷ್ಟು ಕೊರೆದು ಕೋಣೆಯಂತೆ ಮಾಡಿ, ಒಳಗೆ ಮೇಜು, ಬೆಂಚು ಹಾಕಿದರು. ಕೊರೆಯುವಾಗ ಕಾಂಡದೊಳಗೆ ಹೂತುಹೋಗಿದ್ದ ಒಂದು ಫಿರಂಗಿ ಗುಂಡು ಸಿಕ್ಕಿತು. 17ನೇ ಶತಮಾನದ ಅಂತರ್ಯುದ್ಧದ್ದಿರಬೇಕೆಂದು ಊಹೆ. ಇದೇ ಹೆಸರಿನ ಇನ್ನೊಂದು ಊರು ಪೂರ್ವ ಸಸೆಕ್ಸಿನಲ್ಲಿದೆ, ಅಲ್ಲಿನ ಚರ್ಚಿನ ಅಂಗಳದಲ್ಲೂ ಮುದಿ ಯೂ ಇದೆ. ಟಿಕೆಟ್ ತೆಗೆಯುವ ಮೊದಲು ಪ್ರಾಂತ್ಯದ ಹೆಸರನ್ನು ಎರಡು ಸಲ ನೋಡಿಕೊಳ್ಳುವುದು ಒಳ್ಳೆಯದು. ಸರ್ರೆಯ ಮರಕ್ಕೆ ಲಿಂಗ್‌ಫೀಲ್ಡ್ ನಿಲ್ದಾಣದಿಂದ ಹೊಲಗಳ ನಡುವಿನ ಕಾಲುದಾರಿ ಹಿಡಿದು ಹೋದೆವು. ಭಾವನಿಗೆ ಮರಕ್ಕಿಂತ ಬಾಗಿಲಿನ ಮೇಲೆ ಹೆಚ್ಚು ಕುತೂಹಲ. ಚೌಕಟ್ಟಿನ ಅಂಚನ್ನು ಮರ ನಿಧಾನವಾಗಿ ನುಂಗುತ್ತಿರುವುದನ್ನು ಬೆರಳಾಡಿಸಿ ತೋರಿಸಿದರು. ಈ ಮರದ ಸುತ್ತಳತೆ ಸುಮಾರು 30 ಅಡಿ ಎಂದು 17ನೇ ಶತಮಾನದಲ್ಲೇ ಬರೆದಿಟ್ಟಿದ್ದಾರೆ. ಈಗ ಅಳೆದರೂ ಅದಕ್ಕಿಂತ ತುಸು ಹೆಚ್ಚು, ಅಷ್ಟೇ. ಮುನ್ನೂರೈವತ್ತಕ್ಕೂ ಹೆಚ್ಚು ವರ್ಷದಲ್ಲಿ ಒಂದೆರಡು ಅಡಿ! ವಯಸ್ಸಿನ ಸೂತ್ರಗಳು ಏಕೆ ಸೋಲುತ್ತವೆ ಎಂಬುದು ಭಾವನಿಗೆ ಅಲ್ಲಿ ಮನದಟ್ಟಾಯಿತು. ಆಮೇಲೆ ಅವರು ಯಾವ ಮರದ ವಯಸ್ಸನ್ನೂ ಕೇಳಲಿಲ್ಲ.

ವಯಸ್ಸಿಗೆ ಕನಿಷ್ಠ ಒಂದು ಕಡೆಯಿಂದಾದರೂ ಗಡಿ ಹಾಕಬಹುದಾದ ಮರ ಸಿಕ್ಕಿದ್ದು ಸರ್ರೆಯಲ್ಲೇ ಇರುವ ವೇವರ್ಲಿ ಮಠದ ಅವಶೇಷಗಳಲ್ಲಿ. 1128ರಲ್ಲಿ ಸ್ಥಾಪನೆಯಾದ, ಸಿಸ್ಟರ್ಸಿಯನ್ ಎಂಬ ಕ್ರೈಸ್ತ ಸನ್ಯಾಸಿ ಪಂಥದವರು ಬ್ರಿಟನ್ನಿನಲ್ಲಿ ಕಟ್ಟಿದ ಮೊದಲ ಮಠ ಅದು. 1536ರಲ್ಲಿ ಎಂಟನೆಯ ಹೆನ್ರಿ ಮುಚ್ಚಿಸಿದ. ಬಿದ್ದ ಗೋಡೆಯ ಕಲ್ಲುಗಳ ಮೇಲೆಯೇ ಒಂದು ಯೂ ಬೇರೂರಿದೆ. ಬೇರುಗಳು ಕಲ್ಲನ್ನು ತಬ್ಬಿ, ಬಳಸಿ, ಕೆಳಗಿಳಿದಿವೆ. ಗೋಡೆ ಬಿದ್ದ ಮೇಲಲ್ಲದೆ ಅದು ಅಲ್ಲಿ ಹುಟ್ಟಿರಲು ಸಾಧ್ಯವಿಲ್ಲ. ಅಂದರೆ ಯೂಗಳ ಲೆಕ್ಕದಲ್ಲಿ ಅದು ಇನ್ನೂ ಹರೆಯದ್ದು. 2022ರಲ್ಲಿ ಜನರ ಮತದಿಂದ ವರ್ಷದ ಮರವೆಂಬ ಗೌರವ ಅದಕ್ಕೆ ಸಿಕ್ಕಿತು. ಚಂದಕ್ಕೆ ಅಂಕ ಕೊಡುವುದಾದರೆ ನಾನೂ ಮೊದಲ ಸ್ಥಾನವನ್ನು ಅದಕ್ಕೇ ಕೊಡುತ್ತೇನೆ.

ಸ್ಕಾಟ್ಲೆಂಡಿನ ಫೋರ್ಟಿಂಗಲ್ ಯೂಗೆ ಹೋಗುವುದು ಮಾತ್ರ ಸಣ್ಣ ಕೆಲಸವಲ್ಲ. ಪಿಟ್ಲೊಖ್ರಿವರೆಗೆ ರೈಲು, ಅಬರ್ಫೆಲ್ಡಿಯವರೆಗೆ ಬಸ್ಸು, ಅಲ್ಲಿಂದ ಮುಂದೆ ಬಸ್ಸಿನ ಭರವಸೆ ಕಡಿಮೆ. ಬ್ರಿಟನ್ನಿನ ಅತ್ಯಂತ ಹಳೆಯ ಮರ ಇದೇ ಇರಬಹುದೆಂದು ಬಹುಜನರ ಮಾತು. ಎರಡು ಸಾವಿರದಿಂದ ಐದು ಸಾವಿರ ವರ್ಷದವರೆಗೂ ಅಂದಾಜುಗಳು ಓಡಾಡುತ್ತವೆ. ನೋಡಿದವರಲ್ಲಿ ಅರ್ಧದಷ್ಟು ಜನ ನಿರಾಶರಾಗಿ ಹೋಗುತ್ತಾರೆ ಎಂದರೆ ಆಶ್ಚರ್ಯವಿಲ್ಲ. ಗೋಡೆಯ ಆವರಣದೊಳಗೆ ಒಂದಷ್ಟು ಹಸುರು ಗುಂಪು. ಬೇರೆ ಬೇರೆ ಮರಗಳೋ ಎನ್ನುವಂತೆ ಬಿಡಿಬಿಡಿಯಾಗಿ ನಿಂತ ಕಾಂಡಗಳು. ಅವೆಲ್ಲ ಒಂದೇ ಮರದ ಚೂರುಗಳು ಎಂಬುದು ನೆಲ ನೋಡಿದರೆ ಮಾತ್ರ ತಿಳಿಯುತ್ತದೆ. 18ನೇ ಶತಮಾನದಲ್ಲಿ ಮರ ಎಷ್ಟು ದಪ್ಪವಿತ್ತು ಎಂದು ತೋರಿಸಲು ಸಣ್ಣ ಗೂಟಗಳನ್ನು ನೆಟ್ಟಿದ್ದಾರೆ. 1769ರಲ್ಲಿ ಪ್ರಕೃತಿ ಅಧ್ಯಯನಕಾರ ಡೇನ್ಸ್ ಬ್ಯಾರಿಂಗ್ಟನ್ ಅಳೆದಾಗ ಸುತ್ತಳತೆ 52 ಅಡಿ. ಆ ಮೇಲೆ ನೆನಪಿಗೆಂದು ತುಂಡು ಮುರಿದುಕೊಂಡು ಹೋದವರು, ಟೊಳ್ಳಿನಲ್ಲಿ ಬೆಂಕಿ ಹಾಕಿದವರು ಸೇರಿ ನಡುವಿನ ಭಾಗವನ್ನೇ ಮುಗಿಸಿದರು. ಬಿರುಕಿನ ನಡುವೆ ಶವದ ಮೆರವಣಿಗೆ ಹಾದುಹೋಗುತ್ತಿತ್ತಂತೆ. ಗೋಡೆ ಕಟ್ಟಿಸಿದ್ದು ಇಂಥವರಿಂದ ಕಾಪಾಡಲಿಕ್ಕೇ. ಈಚೆಗೂ ಗೋಡೆ ಹತ್ತಿ ಕುಡಿ ಚಿವುಟುವವರ ಕಾಟ ತಪ್ಪಿಲ್ಲ.

ಇಷ್ಟಾದರೂ ಮರ ಸುಮ್ಮನಿಲ್ಲ. ಯೂಗಳಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಫೋರ್ಟಿಂಗಲ್ ಗಂಡು ಮರವೆಂದೇ ದಾಖಲಾಗಿತ್ತು. 2015ರಲ್ಲಿ ಎಡಿನ್‌ಬರೋ ರಾಯಲ್ ಬೊಟಾನಿಕ್ ಗಾರ್ಡನ್ನಿನ ಮ್ಯಾಕ್ಸ್ ಕೋಲ್ಮನ್ ಅದರ ಒಂದು ಕೊಂಬೆಯಲ್ಲಿ ಮೂರು ಕೆಂಪು ಹಣ್ಣು ಗುರುತಿಸಿದರು. ಒಂದು ರೆಂಬೆ ಮಾತ್ರ ಹೆಣ್ಣಾಗಿ ಬದಲಾಗಿತ್ತು. ನಾವು ಹೋದ ಕಾಲದಲ್ಲಿ ಹಣ್ಣು ಇರಲಿಲ್ಲ, ಆದರೂ ಆ ಕೊಂಬೆ ಯಾವುದಿರಬಹುದೆಂದು ಭಾವ ಬಹಳ ಹೊತ್ತು ಕತ್ತೆತ್ತಿ ಹುಡುಕಿದರು.

ಓಕ್‌ಗಳ ಮಾತಿಗೆ ಬಂದರೆ, ಲಿಂಕನ್‌ಶೈರಿನ ಬೌತೋರ್ಪ್ ಓಕ್ ಒಂದನ್ನು ನೋಡಿದರೂ ಸಾಕು. ಬೋರ್ನ್ ಎಂಬ ಸಣ್ಣ ಪಟ್ಟಣದ ಹತ್ತಿರ ಖಾಸಗಿ ಹೊಲದೊಳಗಿದೆ. ಮೊದಲೇ ಫೋನು ಮಾಡಿ, ಹೋದಾಗ ಕೆಲವು ಪೌಂಡ್ ಕೊಟ್ಟು ನೋಡಬೇಕು. ಸುತ್ತಳತೆ ಸುಮಾರು 13 ಮೀಟರ್. ಟೇಪು ಹಿಡಿದು ಭಾವ ಒಂದು ಬದಿಯಿಂದ ಹೊರಟರೆ ಕಾಂಡದ ಹಿಂದೆ ಮರೆಯಾಗಿ, ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಬದಿಯಿಂದ ಬಂದರು. ಎತ್ತರ ಮಾತ್ರ ಅಷ್ಟಕ್ಕಷ್ಟೇ. ಕಾಂಡ ಪೂರ್ತಿ ಟೊಳ್ಳು. 1768ರಲ್ಲಿ ಆಗಿನ ಒಡೆಯ ಒಳಗೆ ನೆಲಗಟ್ಟು ಹಾಕಿಸಿ ಆಸನ ಮಾಡಿಸಿದ್ದನಂತೆ. ಮೂರು ಡಜನ್ ಜನ ಒಟ್ಟಿಗೆ ನಿಂತದ್ದುಂಟು ಎಂದು ಹೇಳುತ್ತಾರೆ. ಒಳಗೋಡೆಯ ತುಂಬ ಹಳೆಯ ಕಾಲದವರು ಕೆತ್ತಿದ ಹೆಸರುಗಳು. ಹೆಸರು ಕೆತ್ತುವ ಚಟ ನಮ್ಮ ಕಾಲದ್ದು ಎಂದು ಬೈಯುವವರು ಬಂದು ನೋಡಬೇಕು.

ಟೊಳ್ಳಾದ ಮೇಲೂ ಮರ ಹೇಗೆ ನಿಂತಿದೆ ಎಂದು ನಾನು ಕೇಳಿದೆ. ಉತ್ತರ ಬಂದದ್ದು ಎಂಜಿನಿಯರ್ ಬಾಯಿಂದ. "ಕೊಳವೆ ಬಾಗುವುದಿಲ್ಲ ಕಣಮ್ಮ. ಅಷ್ಟೇ ತೂಕದ ಗಟ್ಟಿ ಸಲಾಕೆಗಿಂತ ಟೊಳ್ಳು ಕೊಳವೆ ಬಿಗಿ. ಇದರ ಗೋಡೆ ದಪ್ಪ ಇದೆ, ಎತ್ತರ ಕಡಿಮೆ, ಗಾಳಿಗೆ ಸಿಗುವ ತಲೆ ಚಿಕ್ಕದು. ಬೀಳುವುದಾದರೂ ಯಾಕೆ?" ಉಳಿದ ಅರ್ಧವನ್ನು ಸಸ್ಯಶಾಸ್ತ್ರ ಹೇಳುತ್ತದೆ. ಮರದ ಜೀವ ಇರುವುದು ತೊಗಟೆಯ ಕೆಳಗಿನ ತೆಳುವಾದ ಪದರದಲ್ಲಿ. ನಡುವಿನ ಚೇಗು ಸತ್ತ ಭಾಗ. ಅದನ್ನು ಅಣಬೆಗಳು ತಿಂದು ಕರಗಿಸಿದರೆ ಮರಕ್ಕೆ ನಷ್ಟವಿಲ್ಲ, ಅದರಲ್ಲಿದ್ದ ಖನಿಜಗಳು ಬೇರಿಗೆ ಮರಳಿ ಸಿಗುತ್ತವೆ. ಕೆಲವು ಮರಗಳು ತಮ್ಮದೇ ಟೊಳ್ಳಿನ ಗೊಬ್ಬರಕ್ಕೆ ಒಳಗಿನಿಂದ ಬೇರು ಇಳಿಸುವುದೂ ಉಂಟು. ಬ್ರಿಟನ್ನಿನ ಓಕ್‌ಗಳನ್ನು ಆಶ್ರಯಿಸಿರುವ ಜೀವಿಗಳು ಸುಮಾರು 2,300 ಬಗೆ, ಬಾವಲಿಯಿಂದ ಹಿಡಿದು ಜೀರುಂಡೆ, ಕಲ್ಲುಹೂವಿನವರೆಗೆ. ಮುದಿಮರಗಳ ಸತ್ತ ಭಾಗಗಳನ್ನು ಬಿಟ್ಟು ಬೇರೆಲ್ಲೂ ಬದುಕದವೂ ಅವುಗಳಲ್ಲಿವೆ.

ಇನ್ನೊಂದು ಸಂಗತಿ ಕೊಡಲಿಯದು. ಹಳೆಯ ಓಕ್, ಬೀಚ್ ಮರಗಳಲ್ಲಿ ಬಹಳಷ್ಟನ್ನು ಕಾಲಕಾಲಕ್ಕೆ ತಲೆ ಸವರಿದ್ದಾರೆ. ದನ, ಜಿಂಕೆಗಳ ಬಾಯಿಗೆ ಸಿಗದಂತೆ ಎರಡು ಮೂರು ಮೀಟರ್ ಎತ್ತರದಲ್ಲಿ ಕಡಿದು, ಚಿಗುರಿದ ಕೊಂಬೆಗಳನ್ನು ಸೌದೆಗೂ ಮೇವಿಗೂ ಒಯ್ಯುವ ಪದ್ಧತಿ. ಹೀಗೆ ಕಡಿಸಿಕೊಂಡ ಮರಗಳೇ ಹೆಚ್ಚು ಬಾಳಿದವು, ಏಕೆಂದರೆ ತಲೆಭಾರ ಕಡಿಮೆ. ಗಿಡ್ಡ, ಡೊಳ್ಳುಹೊಟ್ಟೆ, ಮೇಲೆ ಹುಚ್ಚುಗೂದಲು, ಇಂಥ ಆಕಾರ ದೂರದಿಂದ ಕಂಡರೆ ಅತ್ತ ತಿರುಗಿ ನಡೆಯುವುದು ಲಾಭ. ನೆಟ್ಟಗೆ, ಎತ್ತರಕ್ಕೆ, ಚಂದವಾಗಿ ನಿಂತ ಮರ ಬಹುತೇಕ ಮೊನ್ನೆ ಮೊನ್ನೆಯದು.

ಬೌತೋರ್ಪ್ ಓಕ್ ಇರುವ ಲಿಂಕನ್‌ಶೈರಿನಲ್ಲೇ ನ್ಯೂಟನ್ ಹುಟ್ಟಿದ ವುಲ್ಸ್‌ತೋರ್ಪ್ ಮನೆ ಇದೆ, ಅಂಗಳದಲ್ಲಿ ಆ ಸೇಬಿನ ಮರವೂ ಇದೆ. 1820ರ ಬಿರುಗಾಳಿಗೆ ಉರುಳಿತ್ತು. ಉರುಳಿದ ಕಡೆಯಿಂದಲೇ ಮತ್ತೆ ಚಿಗುರಿತು. ಸುತ್ತಲೂ ತಡಿಕೆಯ ಬೇಲಿ. ಹಣ್ಣು ತಲೆಯ ಮೇಲೆ ಬೀಳುವಷ್ಟು ಹತ್ತಿರಕ್ಕೆ ಬಿಡುವುದಿಲ್ಲ, ಆದರೆ ಅದನ್ನು ನೋಡಲು ಬಂದ ಮಕ್ಕಳು ಅಲ್ಲಿಯೇ ಹೆಚ್ಚು ಹೊತ್ತು ನಿಲ್ಲುತ್ತಾರೆ.

ಬೇಲಿ ಎಂದರೆ ನನಗೂ ಮೊದಲು ಸಿಟ್ಟೇ. ನಾಟಿಂಗ್‌ಹ್ಯಾಮ್‌ಶೈರಿನ ಶೆರ್‌ವುಡ್ ಕಾಡಿನ ಮೇಜರ್ ಓಕ್ ನೋಡಲು ಹೋದರೆ ದೂರದಿಂದಲೇ ಕೈಮುಗಿದು ಬರಬೇಕು. ರಾಬಿನ್ ಹುಡ್ ಇದರಲ್ಲಿ ಅಡಗಿದ್ದನೆಂಬ ಕಥೆಯಿಂದಾಗಿ ವರ್ಷಕ್ಕೆ ಲಕ್ಷಾಂತರ ಜನ ಬರುತ್ತಾರೆ. ಹೆಸರು ಬಂದದ್ದು ಗಾತ್ರದಿಂದಲ್ಲ, 1790ರಲ್ಲಿ ಇದರ ಬಗ್ಗೆ ಬರೆದ ಮೇಜರ್ ಹೇಮನ್ ರೂಕ್ ಎಂಬ ಸೈನ್ಯಾಧಿಕಾರಿಯಿಂದ. ಚಾಚಿದ ಕೊಂಬೆಗಳಿಗೆ ಸುತ್ತಲೂ ಊರುಗೋಲು ಕೊಟ್ಟಿದ್ದಾರೆ, 1970ರ ದಶಕದಿಂದ ಬೇಲಿ. ಆಸ್ಪತ್ರೆಯ ವಾರ್ಡಿನಲ್ಲಿ ಗಾಜಿನಾಚೆಗಿನ ರೋಗಿಯನ್ನು ನೋಡಿದಂತಾಯಿತು.

ಬೇಲಿಯ ಅಗತ್ಯ ಅರ್ಥವಾದದ್ದು ಲಂಡನ್ನಿನ ಕ್ಯೂ ಉದ್ಯಾನದಲ್ಲಿ. ಅಲ್ಲಿ 1798ರಲ್ಲಿ ನೆಟ್ಟ ಟರ್ನರ್ಸ್ ಓಕ್ ಎಂಬ ಮರ ಇದೆ. 1980ರ ದಶಕದಲ್ಲಿ ಅದು ಸೊರಗಿ ಸಾಯುವಂತಿತ್ತು. 1987ರ ಅಕ್ಟೋಬರ್ 15ರ ರಾತ್ರಿ ಎದ್ದ ಮಹಾ ಬಿರುಗಾಳಿ ದಕ್ಷಿಣ ಇಂಗ್ಲೆಂಡಿನಲ್ಲಿ ಸುಮಾರು ಒಂದೂವರೆ ಕೋಟಿ ಮರಗಳನ್ನು ಕೆಡವಿತು. ಕ್ಯೂ ಒಂದರಲ್ಲೇ 700. ಈ ಓಕ್ ಅನ್ನು ಗಾಳಿ ಬೇರುಸಮೇತ ಮೇಲೆತ್ತಿ ಅದೇ ಗುಂಡಿಗೆ ಮತ್ತೆ ಕೂರಿಸಿತು. ಹೇಗಿದ್ದರೂ ಸಾಯುವ ಮರ, ಆಮೇಲೆ ನೋಡೋಣ ಎಂದು ಊರುಗೋಲು ಕೊಟ್ಟು ಬಿಟ್ಟರು. ಕೆಲವು ವರ್ಷಗಳಲ್ಲಿ ಅದು ಹಿಂದೆಂದಿಗಿಂತ ಚೆನ್ನಾಗಿ ಚಿಗುರಿತು. ಇನ್ನೂರು ವರ್ಷ ನೋಡಲು ಬಂದವರ ಕಾಲ್ತುಳಿತಕ್ಕೆ ನೆಲ ಗಟ್ಟಿಯಾಗಿ ಬೇರಿಗೆ ಗಾಳಿ ನೀರು ಸಿಗದಂತಾಗಿತ್ತು. ಬಿರುಗಾಳಿ ಒಂದೇ ಕುಲುಕಿಗೆ ಮಣ್ಣು ಸಡಿಲಿಸಿತ್ತು. ಆ ಮೇಲೆ ಅಲ್ಲಿನವರು ಹಳೆಯ ಮರಗಳ ಬುಡದ ಮಣ್ಣಿಗೆ ಒತ್ತಡದಿಂದ ಗಾಳಿ ಹಾಯಿಸುವ ಚಿಕಿತ್ಸೆಯನ್ನೇ ರೂಪಿಸಿದರು. ಅಂದಿನಿಂದ ನಾನು ಬೇಲಿ ಇಲ್ಲದ ಮರದ ಬಳಿಯೂ ಅಳತೆಗೆ ಬೇಕಾದಷ್ಟು ಹೊತ್ತು ಮಾತ್ರ ಬುಡದಲ್ಲಿ ನಿಂತು, ಉಳಿದ ಹೊತ್ತು ಕೊಂಬೆಗಳ ನೆರಳಿನಾಚೆ ಕೂರುತ್ತೇನೆ. ಕೊಂಬೆಗಳಿಗೆ ಹರಕೆಯ ಬಟ್ಟೆ ಕಟ್ಟುವುದಂತೂ ಬೇಡ. ಮರ ದಪ್ಪವಾದಂತೆ ದಾರ ಅದರ ಕುತ್ತಿಗೆ ಹಿಸುಕುತ್ತದೆ.

ಇಷ್ಟೆಲ್ಲ ಅಕ್ಕರೆ ಇರುವ ದೇಶದಲ್ಲಿ ಹಳೆಯ ಕಟ್ಟಡಕ್ಕೆ ಸಿಗುವಂಥ ಕಾನೂನು ರಕ್ಷಣೆ ಹಳೆಯ ಮರಕ್ಕೆ ತಾನಾಗಿಯೇ ಸಿಗುವುದಿಲ್ಲ. ಸ್ಥಳೀಯ ಆಡಳಿತ ಒಂದೊಂದೇ ಮರಕ್ಕೆ ಸಂರಕ್ಷಣಾ ಆದೇಶ ಹೊರಡಿಸಬೇಕು. ಉತ್ತರ ಇಂಗ್ಲೆಂಡಿನಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ತಗ್ಗಿನಲ್ಲಿ ಒಂಟಿಯಾಗಿ ನಿಂತಿದ್ದ ಸಿಕಮೋರ್ ಮರವನ್ನು 2023ರ ಸೆಪ್ಟೆಂಬರಿನಲ್ಲಿ ರಾತ್ರೋರಾತ್ರಿ ಕಡಿದ ಇಬ್ಬರಿಗೆ 2025ರಲ್ಲಿ ನಾಲ್ಕು ವರ್ಷ ಮೂರು ತಿಂಗಳ ಜೈಲುಶಿಕ್ಷೆ ಆಯಿತು. ಅದೂ ಆಸ್ತಿಗೆ ಹಾನಿ ಮಾಡಿದ ಅಪರಾಧದಡಿ.

ಹೋಗುವವರಿಗೆ ಒಂದೆರಡು ಮಾತು. ಚಳಿಗಾಲದ ಕೊನೆಯಲ್ಲಿ ಹೋಗಿ. ಎಲೆ ಉದುರಿದ ಓಕ್‌ಗಳ ಮೈಕಟ್ಟು ಆಗಷ್ಟೇ ಪೂರ್ತಿ ಕಾಣುತ್ತದೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಕತ್ತಲು. ಭಾನುವಾರ ಹಳ್ಳಿಗಳಿಗೆ ಬಸ್ಸೇ ಇಲ್ಲದಿರುವುದು ಸಾಮಾನ್ಯ. ಸಾರ್ವಜನಿಕ ಕಾಲುದಾರಿಗಳು ಖಾಸಗಿ ಹೊಲಗಳ ನಡುವೆಯೂ ಹಾಯುತ್ತವೆ, ನಡೆಯುವ ಹಕ್ಕು ಎಲ್ಲರಿಗೂ ಇದೆ, ದಾರಿ ಬಿಟ್ಟು ಕದಲಬಾರದಷ್ಟೆ. ಕರು ಇರುವ ಹಸುಗಳಿಂದ ದೂರ ಇರಿ. ಚರ್ಚಿನ ಅಂಗಳ ಬಹುತೇಕ ತೆರೆದೇ ಇರುತ್ತದೆ. ಅಂತ್ಯಕ್ರಿಯೆ ನಡೆಯುತ್ತಿದ್ದರೆ ಹೊರಗೆ ಕಾಯಬೇಕು.

ಕ್ರೋಹರ್ಸ್ಟಿನಿಂದ ಹಿಂತಿರುಗುವಾಗ ಹೊಲದಂಚಿನ ಬೇಲಿಸಾಲಿನಲ್ಲಿ ತಲೆ ಸವರಿದ ಒಂದು ಓಕ್ ಕಂಡಿತ್ತು. ಟ್ರಸ್ಟಿನ ನಕ್ಷೆಯಲ್ಲಿ ಅದು ಇರಲಿಲ್ಲ. ಐದು ಮೀಟರಿಗೆ ತುಸು ಮೇಲೆ ಸುತ್ತಳತೆ, ಒಂದು ಬದಿಗೆ ಪೊಟರೆ. ಯಾರು ಬೇಕಾದರೂ ಹೊಸ ಮರ ಸೇರಿಸಲು ಅರ್ಜಿ ಹಾಕಬಹುದು. ಚಿತ್ರ, ಅಳತೆ, ಜಾಗದ ಗುರುತು ಕೊಟ್ಟರೆ ತರಬೇತಿ ಪಡೆದ ಸ್ವಯಂಸೇವಕರೊಬ್ಬರು ಹೋಗಿ ಪರಿಶೀಲಿಸುತ್ತಾರೆ. ಭಾವ ತಾವೇ ಅರ್ಜಿ ತುಂಬಿದರು, ದರ್ಜೆಯ ಜಾಗದಲ್ಲಿ ಪ್ರಾಚೀನ ಎಂದು ಬರೆದರು. ಕೆಲವು ವಾರಗಳ ಮೇಲೆ ಮರ ನಕ್ಷೆಯಲ್ಲಿ ಕಾಣಿಸಿಕೊಂಡಿತು, ವೆಟರನ್ ದರ್ಜೆಯಲ್ಲಿ. ಅಳತೆಯಲ್ಲಿ ಮಾತ್ರ ಒಂದು ಸೆಂಟಿಮೀಟರನ್ನೂ ತಿದ್ದಿರಲಿಲ್ಲ. ಭಾವ ಅದನ್ನು ಅಕ್ಕನಿಗೆ ಊಟದ ಹೊತ್ತಿನಲ್ಲಿ ಒಂದಕ್ಕಿಂತ ಹೆಚ್ಚು ಸಲ ಹೇಳಿದರು.

ಇನ್ನು ಉಳಿದಿರುವುದು ವೇಲ್ಸಿನ ಲಾಂಗರ್ನಿವ್ ಯೂ. ನಾಲ್ಕು ಸಾವಿರ ವರ್ಷಕ್ಕೂ ಹಳೆಯದೆಂದು ಹೇಳಿಕೊಳ್ಳುವ ಮರ. ಸೀಳಿದ ಕಾಂಡಗಳ ನಡುವಿನ ಜಾಗ ಅನುಕೂಲವಾಗಿದೆಯೆಂದು 1990ರ ದಶಕದವರೆಗೂ ಚರ್ಚಿನವರು ಅಲ್ಲಿ ಎಣ್ಣೆಯ ಟ್ಯಾಂಕು ಇಟ್ಟಿದ್ದರು. ಅಕ್ಟೋಬರ್ 31ರ ರಾತ್ರಿ ಆ ಚರ್ಚಿನೊಳಗೆ ಒಂದು ಧ್ವನಿ ಮುಂದಿನ ವರ್ಷ ಸಾಯುವವರ ಹೆಸರುಗಳನ್ನು ಓದುತ್ತದೆ ಎಂಬುದು ಊರಿನ ಐತಿಹ್ಯ. ಭಾವ ಪ್ರಯಾಣದ ಯೋಜನೆ ಹಾಕಿದ್ದಾರೆ, ರೈಲಿನ ವೇಳಾಪಟ್ಟಿಯನ್ನೂ ಕಳಿಸಿದ್ದಾರೆ. ನವೆಂಬರ್ ಎರಡನೆಯ ವಾರಕ್ಕೆ.